ತುರುಬಿಗೆ ಒಪ್ಪಿದ ಹೆಲ್ಮೆಟ್ಟು

ರಾಜಲಕ್ಷ್ಮಮ್ಮನ ಸೈಕಲ್ಲಿನ ಗಂಟೆ ಕೇಳಿತೆಂದರೆ ನಮ್ಮ ಬೀದಿಯ ಹೆಂಗಸರು ಒಲೆಯ ಮೇಲಿನ ಹಾಲು ನೋಡಲು ಓಡುತ್ತಿದ್ದರು. ಅಷ್ಟು ನಿಗದಿಯಾಗಿ ಹೊರಡುತ್ತಿದ್ದಳು ಪುಣ್ಯಾತ್ಗಿತ್ತಿ. ನಾನು ಅವಳ ಎದುರು ಮನೆಯವಳು, ಸರೋಜಮ್ಮ. ಮದುವೆಯಾಗಿ ಮಧುಗಿರಿಗೆ ಬಂದ ಹೊಸದರಲ್ಲಿ, ಸೀರೆಯುಟ್ಟು ಸೈಕಲ್ ತುಳಿಯುವ ಈ ಹೆಂಗಸನ್ನು ಕಿಟಕಿಯಿಂದ ಕದ್ದು ನೋಡಿ, ಇವಳದೆಂಥ ಧೈರ್ಯ ಎಂದುಕೊಂಡಿದ್ದೆ. ಆಮೇಲೆ ಸ್ನೇಹವಾಯಿತು. ಧೈರ್ಯ ಮಾತ್ರ ನನಗೆ ಅಂಟಲಿಲ್ಲ, ನಾನು ಇವತ್ತಿಗೂ ಆಟೋದವಳೇ.

ಅವಳು ಹೈಸ್ಕೂಲಿನಲ್ಲಿ ಹೊಲಿಗೆ ಟೀಚರ್ ಆಗಿದ್ದವಳು. ರಿಟೈರ್ ಆದ ಮೇಲೂ ಸುಮ್ಮನೆ ಕೂರಲಿಲ್ಲ. ಸಿರಾ ರಸ್ತೆಯಲ್ಲಿರುವ ಬೊಮ್ಮೇನಹಳ್ಳಿಗೆ ದಿನಾ ಬೆಳಿಗ್ಗೆ ಸೈಕಲ್ಲಿನಲ್ಲಿ ಹೋಗಿ, ಅಲ್ಲಿನ ಹೆಂಗಸರಿಗೆ ರವಿಕೆ ಹೊಲಿಯುವುದು ಕಲಿಸುತ್ತಿದ್ದಳು. ಬುಟ್ಟಿಯಲ್ಲಿ ಟೇಪು, ಕತ್ತರಿ, ಮಜ್ಜಿಗೆ ಬಾಟಲಿ. ತಲೆಯ ಮೇಲೆ ದೊಡ್ಡ ತುರುಬು, ತುರುಬಿನ ಸುತ್ತ ಮೊಳ ಮಲ್ಲಿಗೆ. ಅವಳ ಕೂದಲೆಂದರೆ ಕೂದಲು. ಬಿಚ್ಚಿದರೆ ಮಂಡಿಗೆ ಬರುತ್ತಿತ್ತು, ಕಟ್ಟಿದರೆ ನೆತ್ತಿಯ ಹಿಂದೆ ಗಟ್ಟಿ ತೆಂಗಿನಕಾಯಿಯ ಗಾತ್ರಕ್ಕೆ ನಿಲ್ಲುತ್ತಿತ್ತು. ವಯಸ್ಸು ಅರವತ್ತು ದಾಟಿದ್ದರೂ ಆ ತುರುಬಿನ ಬಗ್ಗೆ ಅವಳಿಗೆ ಇದ್ದ ಜಂಬವನ್ನು ಮುಚ್ಚಿಡುವುದು ಬೇಡ.

ಒಂದು ದಿನ ಬಸ್ ಸ್ಟ್ಯಾಂಡಿನ ಹತ್ತಿರ ಮೇಕೆಯೊಂದು ಅಡ್ಡ ಬಂದು ಅವಳು ಸೈಕಲ್ಲಿನಿಂದ ಬಿದ್ದಳು. ಹಣೆ ತರಚಿತು, ಮೊಣಕೈ ಊದಿತು, ಅಷ್ಟೆ. ಎದ್ದು ಮೇಕೆಯ ಯಜಮಾನನಿಗೆ ಬುದ್ಧಿ ಹೇಳಿ, ಮತ್ತೆ ಸೈಕಲ್ ಹತ್ತಿ ಮನೆಗೆ ಬಂದಳು. ಆದರೆ ಅವಳ ಮಗ ಅನಿಲ್ ಕುಮಾರನಿಗೆ ತಾಯಿಯ ಹಣೆಯ ಮೇಲಿನ ರಕ್ತ ಕಂಡಿತು. ಅವನು ಸೊಸೈಟಿ ಬ್ಯಾಂಕಿನಲ್ಲಿ ಕೆಲಸ ಮಾಡುವವನು. ತಾಯಿ ಎಂದರೆ ಪ್ರಾಣ, ಆದರೆ ಪ್ರೀತಿ ತೋರಿಸುವುದೆಂದರೆ ಅವನಿಗೆ ರೂಲ್ಸ್ ಮಾಡುವುದು. ಸಂಜೆಗೆ ಒಂದು ಹೆಲ್ಮೆಟ್ಟು ತಂದು ಜಗುಲಿಯ ಮೇಲಿಟ್ಟ.

“ಅಮ್ಮ, ಇನ್ಮ್ಯಾಲೆ ಇದನ್ನ ಹಾಕ್ಕಂಡ್ರೆ ಸೈಕಲ್ಲು. ಇಲ್ದಿದ್ರೆ ಸೈಕಲ್ಲೇ ಬ್ಯಾಡ.”

ರಾಜಲಕ್ಷ್ಮಮ್ಮ ತಲೆಗಿಟ್ಟು ನೋಡಿದಳು. ತುರುಬಿನ ಮೇಲೆ ಅದು ಹುತ್ತದ ಮೇಲೆ ಮಡಕೆ ಬೋರಲು ಹಾಕಿದಂತೆ ನಿಂತಿತು. ಒತ್ತಿದರೆ ಕಣ್ಣಿಗೆ ಬಂತು, ಹಿಂದಕ್ಕೆ ಸರಿಸಿದರೆ ಜಾರಿ ಬೆನ್ನಿಗೆ ಹೋಯಿತು.

“ಹೆಂಗ್ಲಾ ಹಾಕ್ಕಳದು ಇದನ್ನ? ತುರುಬು ಬಿಚ್ಚಿ ಮನೇಲಿಟ್ಟು ಹೋಗ್ಲಾ?”

“ಜಡೆ ಹಾಕ್ಕೋ. ಊರಲ್ಲಿ ಯಾರೂ ಜಡೆ ಹಾಕ್ಕಳಲ್ವಾ?”

“ಈ ವಯಸ್ಸಿಗೆ ಸ್ಕೂಲ್ ಹುಡ್ಗಿ ಥರ ಜಡೆ ಇಳೀಬುಟ್ಕಂಡು ಹೋಗ್ಬೇಕಾ? ಹೋಗ್ಲಾ ಅತ್ಲಾಗೆ.”

ಗಂಡ ಸಂಜೀವಯ್ಯ ಪೇಪರಿನಿಂದ ಕಣ್ಣೆತ್ತಲಿಲ್ಲ. “ಇತ್ಲಾಗೆ ಕೊಡಿ, ನನ್ ತಲೇಗೆ ಸರಿಯಾಗಿ ಕೂರ್ತದೆ” ಎಂದ. ಅವನ ತಲೆ ಮಧುಗಿರಿ ಬೆಟ್ಟದಷ್ಟೇ ನುಣ್ಣಗೆ. ಜಗುಲಿಯಲ್ಲೇ ಕೂತಿದ್ದ ನಾನು ನಕ್ಕೆ, ಅನಿಲ ನಗಲಿಲ್ಲ. ಮಾರನೆಯ ದಿನದಿಂದ ಸೈಕಲ್ಲಿನ ಬೀಗದ ಕೈ ಅವನ ಜೇಬಿನಲ್ಲಿ ಇರತೊಡಗಿತು. ಮಗ ಹೆಲ್ಮೆಟ್ಟು ಬಿಡ, ತಾಯಿ ತುರುಬು ಬಿಡಳು. ಬೊಮ್ಮೇನಹಳ್ಳಿಯ ಹೆಂಗಸರು ಫೋನ್ ಮಾಡಿ “ಮೇಡಮ್ಮಾರು ಯಾವಾಗ ಬತ್ತೀರಾ” ಎಂದರೆ ಇವಳು ಫೋನನ್ನು ಗಂಡನ ಕೈಗೆ ಕೊಡುತ್ತಿದ್ದಳು. ಊಟ ಕಡಿಮೆಯಾಯಿತು, ಮಾತು ಕಡಿಮೆಯಾಯಿತು. ಮನೆಯಲ್ಲಿ ಕೂತ ರಾಜಲಕ್ಷ್ಮಮ್ಮ ನಾನು ಕಂಡ ರಾಜಲಕ್ಷ್ಮಮ್ಮನೇ ಅಲ್ಲ.

ಸೊಸೆ ಆಶಾರಾಣಿ ಜಾಣೆ. ಹಾವೂ ಸಾಯಬೇಕು, ಕೋಲೂ ಮುರಿಯಬಾರದು, ಅಂಥ ದಾರಿಯನ್ನು ಫೋನಿನಲ್ಲಿ ಹುಡುಕುತ್ತಾ ಕೂತಳು. ಕೊನೆಗೆ ಒಂದು ಸಿಕ್ಕಿತು. ಬೆಂಗಳೂರಿನಲ್ಲಿ ಯಾರೋ ಹವ್ಯಾಸಕ್ಕೆ ಸೈಕಲ್ ತುಳಿಯುವವರು ಫಾರಿನ್ನಿನಿಂದ ತರಿಸಿ, ಬೇಸರ ಬಂದು ಮಾರಾಟಕ್ಕಿಟ್ಟಿದ್ದರು. ಪಾರ್ಸಲ್ ಬಂದಾಗ ನಾನೂ ಹೋಗಿದ್ದೆ. ನೋಡಿದರೆ ಹೆಲ್ಮೆಟ್ಟೇ ಅಲ್ಲ, ಕತ್ತಿನ ಸುತ್ತ ಹಾಕಿಕೊಳ್ಳುವ ದಪ್ಪನೆಯ ಕಪ್ಪು ಪಟ್ಟಿ.

“ಅತ್ತೆ, ಇದು ತಲೇನೇ ಮುಟ್ಟಲ್ಲ” ಎಂದಳು ಆಶಾ. “ಒಳಗೆ ಬಲೂನ್ ಮಡಚಿಟ್ಟವ್ರೆ. ನೀವು ಬಿದ್ರಿ ಅನ್ಕಳಿ, ನೆಲ ಮುಟ್ಟೋದ್ರೊಳಗೆ ಪಟ್ ಅಂತ ಉಬ್ಬಿ ತಲೆ ಸುತ್ತ ಬಂದ್ಬುಡ್ತದೆ. ಕಾರಲ್ಲಿ ಏರ್‌ಬ್ಯಾಗ್ ಬರಲ್ವಾ, ಅಂಗೆ.”

“ಬಿದ್ದೆ ಅಂತ ಇದಕ್ಕೆ ಹೆಂಗೆ ಗೊತ್ತಾಯ್ತದೆ?”

“ಮೈ ಅಲ್ಲಾಡೋದ್ರಲ್ಲೇ ತಿಳ್ಕತದೆ. ಅದಕ್ಕೇ ಸೈಕಲ್ ಹತ್ತಿದ ಮ್ಯಾಲೆ ಈ ಗುಂಡಿ ಹಾಕಿ, ಇಳಿದ ತಕ್ಷಣ ಬಿಚ್ಚಿಬುಡಿ. ರಾತ್ರಿ ಚಾರ್ಜಿಗೆ ಹಾಕ್ಬೇಕು. ಒಂದ್ಸಲ ಉಬ್ಬಿದ್ರೆ ಮುಗೀತು, ಆಮೇಲೆ ಕೆಲಸಕ್ಕೆ ಬರಲ್ಲ.”

ಅನಿಲ ತಿರುಗಿಸಿ ಮುರುಗಿಸಿ ನೋಡಿ ಮುಖ ಸಿಂಡರಿಸಿದ. ಕರೆಂಟು ಹೋದರೆ ಏನು ಮಾಡುತ್ತೀರಿ ಎಂದ. ಗುಂಡಿ ಹಾಕಲು ಮರೆತರೆ ಏನು ಗತಿ ಎಂದ. ಹೆಲ್ಮೆಟ್ಟು ಹತ್ತು ಸಲ ಬಿದ್ದರೂ ಹೆಲ್ಮೆಟ್ಟೇ, ಇದು ಒಂದು ಸಲಕ್ಕೆ ಕಸ ಎಂದ. ಅವನ ಮಾತಿನಲ್ಲಿ ತಪ್ಪು ಹುಡುಕಲು ನನಗೂ ಆಗಲಿಲ್ಲ. ಆದರೆ ಫೋನಿನ ವಿಡಿಯೋದಲ್ಲಿ ಫಾರಿನ್ ಹುಡುಗಿಯೊಬ್ಬಳು ಸೈಕಲ್ಲಿನಿಂದ ಎಗರಿ ಬಿದ್ದು, ಬಿಳೀ ಬಲೂನಿನೊಳಗಿಂದ ನಗುತ್ತಾ ಎದ್ದು ಬಂದದ್ದನ್ನು ಎರಡು ಸಲ ನೋಡಿದ. ಬೀಗದ ಕೈ ಜೇಬಿನಿಂದ ಹೊರಗೆ ಬಂತು.

ಆ ದಿನ ರಾಜಲಕ್ಷ್ಮಮ್ಮ ಬೀದಿ ತುದಿಯವರೆಗೂ ಸುಮ್ಮಸುಮ್ಮನೆ ಗಂಟೆ ಹೊಡೆದುಕೊಂಡು ಹೋದಳು. ನಾನು ಬಾಗಿಲಲ್ಲಿ ನಿಂತು ಕೈಬೀಸಿದೆ. ನನಗೇ ಯಾಕೋ ಕಣ್ಣು ತುಂಬಿತು.

ಊರು ಸುಮ್ಮನಿರುತ್ತದೆಯೇ? ಪಟ್ಟಿ ನೋಡಿದವರಿಗೆಲ್ಲ ಅದು ಆಸ್ಪತ್ರೆಯಲ್ಲಿ ಕತ್ತು ನೋವಿಗೆ ಕೊಡುವ ಪಟ್ಟಿ. “ಏನ್ ಮೇಡಂ, ಕತ್ತು ಹಿಡ್ಕತಾ?” ಎಂದು ಹೂವಿನವಳು ಕೇಳಿದಳು. ದಿನಸಿ ಅಂಗಡಿಯ ನರಸಿಂಹರಾಜು ಹರಳೆಣ್ಣೆ ಬಿಸಿ ಮಾಡಿ ಹಚ್ಚಲು ಹೇಳಿದ. ಯಾರೋ ಕೊರಟಗೆರೆಯಲ್ಲಿ ಕತ್ತು ತಿರುವಿ ಸರಿಮಾಡುವವನ ಅಡ್ರೆಸ್ ಕೊಟ್ಟರು. ಬೊಮ್ಮೇನಹಳ್ಳಿಯ ಓಬಳಮ್ಮನಂತೂ, ಆಕೆ ಪಾವಗಡದ ತೆಲುಗು ಸೀಮೆಯಿಂದ ಬಂದ ಸೊಸೆ, “ಅಯ್ಯೋ ದೇವುಡಾ, ಕತ್ತಿಗೆ ಇಂಗಾದ್ರೂ ನಮಗೋಸ್ಕರ ಬತ್ತೀರಲ್ಲ ಮೇಡಮ್ಮಾರೇ” ಎಂದು ಸೆರಗಿನಿಂದ ಕಣ್ಣೊರೆಸಿಕೊಂಡಳಂತೆ. ಮೊದಮೊದಲು ರಾಜಲಕ್ಷ್ಮಮ್ಮ ಎಲ್ಲರಿಗೂ ಬಲೂನಿನ ಕತೆ ಹೇಳಿದಳು. ಆಮೇಲೆ ಸಾಕಾಗಿ, “ಹೂಂ ಕಣಮ್ಮ, ವಸಿ ನೋವು” ಎಂದು ಹೇಳಿ ಮುಂದೆ ಹೋಗುತ್ತಿದ್ದಳು.

ಸುಖವೇನೂ ಇರಲಿಲ್ಲ ಅದರಲ್ಲಿ. ನಮ್ಮ ಬಿಸಿಲಿಗೆ ಕತ್ತು ಬೆಂದು ಬೆವರುಸಾಲೆ ಎದ್ದಿತು. ತಾಳಿ ಸರ ಅದರೊಳಗೆ ಸಿಕ್ಕಿಕೊಳ್ಳುತ್ತಿತ್ತು. ಕರೆಂಟು ಕೈಕೊಟ್ಟ ರಾತ್ರಿಯ ಮಾರನೆಯ ದಿನ ಅವಳು ಜಗುಲಿಯ ಮೇಲೆ ಚಾರ್ಜರ್ ಹಿಡಿದು, ಕೆಇಬಿಯವರ ವಂಶವನ್ನೆಲ್ಲ ಬೈಯುತ್ತಾ ಕೂತಿರುತ್ತಿದ್ದಳು. ಆದರೆ ತುರುಬು ತುರುಬಾಗಿಯೇ ಇತ್ತು, ಮಲ್ಲಿಗೆ ನಲುಗಲಿಲ್ಲ, ಮಗನ ಮುಖ ಗಂಟಿಕ್ಕಲಿಲ್ಲ. ಪಟ್ಟಿ ಒಳ್ಳೆಯದೋ ಕೆಟ್ಟದ್ದೋ ಎಂದು ನನ್ನನ್ನು ಕೇಳಿದರೆ ನಾನು ಹೇಳುವುದು ಇಷ್ಟೆ: ಆ ಮನೆಯಲ್ಲಿ ಕೆಲವು ತಿಂಗಳು ಜಗಳವಿರಲಿಲ್ಲ.

ಆಮೇಲೆ ಆ ಸಂಕಷ್ಟಿ ಬಂತು.

ಬೊಮ್ಮೇನಹಳ್ಳಿಗೆ ಹೋಗುವ ದಾರಿಯಲ್ಲಿ ಅರಳಿಮರದ ಕೆಳಗೆ ಒಂದು ಪುಟ್ಟ ಗಣಪತಿ ಗುಡಿ ಇದೆ. ರಾಜಲಕ್ಷ್ಮಮ್ಮ ದಿನಾ ಸೈಕಲ್ ಮೇಲೇ ಕೂತು, ಒಂದು ಕಾಲು ಊರಿ, ಕೈಮುಗಿದು ಹೋಗುತ್ತಿದ್ದಳು. ಸಂಕಷ್ಟಿಯ ದಿನ ಮಾತ್ರ ಇಳಿದು ಗರಿಕೆ ಕೊಟ್ಟು, ಬಸ್ಕಿ ಹೊಡೆಯುವುದು ರೂಢಿ. ಅವತ್ತು ನಾನೂ ಆಟೋದಲ್ಲಿ ಹೋಗಿದ್ದೆ. ಜನ ಚೆನ್ನಾಗಿ ಸೇರಿದ್ದರು. ಅವಳು ಸೈಕಲ್ಲನ್ನು ಮರಕ್ಕೆ ಒರಗಿಸಿ, ಚಪ್ಪಲಿ ಬಿಟ್ಟು, ನಲ್ಲಿಯಲ್ಲಿ ಕಾಲು ತೊಳೆದು ಬಂದಳು. ಗುಡಿಗೆ ಬಂದರೆ ಚಪ್ಪಲಿ ಬಿಡಬೇಕೆಂದು ಕಾಲಿಗೆ ತಾನೇ ಗೊತ್ತಿರುತ್ತದೆ. ಕತ್ತಿನದನ್ನು ಬಿಡಬೇಕೆಂದು ಯಾವ ಶಾಸ್ತ್ರದಲ್ಲಿ ಬರೆದಿದೆ?

ಎರಡೂ ಕೈ ಅಡ್ಡಡ್ಡ ಮಾಡಿ ಕಿವಿ ಹಿಡಿದುಕೊಂಡು ಬಸ್ಕಿ ಶುರು ಮಾಡಿದಳು. ಅವಳದು ನಾಮಕಾವಸ್ತೆ ಬಸ್ಕಿಯಲ್ಲ, ಪೂರ್ತಿ ಕೂತು ಸರ್ರನೆ ಏಳುವ ಬಸ್ಕಿ. ಮೂರೋ ನಾಲ್ಕೋ ಆಗಿತ್ತು. ಮೊಣಕಾಲು ಹಿಡಿದುಕೊಂಡಿತೋ ಏನೋ, ಏಳುವಾಗ ಮುಗ್ಗರಿಸಿ ಮುಂದಕ್ಕೆ ಬಾಗಿದಳು. ಢಬ್ ಎಂದು ಸದ್ದಾಯಿತು. ಪೂಜಾರಿಯ ಕೈಯಿಂದ ಗಂಟೆ ಬಿತ್ತು. ನೋಡುತ್ತೇನೆ, ರಾಜಲಕ್ಷ್ಮಮ್ಮನಿಗೆ ತಲೆಯೇ ಇಲ್ಲ, ತಲೆಯ ಜಾಗದಲ್ಲಿ ಪೂರಿಯಂತೆ ಉಬ್ಬಿದ ದೊಡ್ಡ ಬಿಳೀ ಚೀಲ. ಮಧ್ಯದಲ್ಲಿ ಎರಡು ಕಣ್ಣು ಮಾತ್ರ. ಕೈ ಇನ್ನೂ ಕಿವಿ ಹಿಡಿದುಕೊಂಡು ಒಳಗೆ ಸಿಕ್ಕಿಹಾಕಿಕೊಂಡಿತ್ತು.

“ಗಣಪ್ಪ ಮೈಮ್ಯಾಲೆ ಬಂದ್ಬುಟ್ಟ!” ಎಂದು ಯಾರೋ ಕೂಗಿದರು. ಒಬ್ಬಳು ಅಡ್ಡಬಿದ್ದಳು. ಕೆಲವರು ಓಡಿದರು. ಮಿಕ್ಕವರು ಫೋನು ತೆಗೆದರು.

ಮಧ್ಯಾಹ್ನದ ಹೊತ್ತಿಗೆ ಆ ವಿಡಿಯೋ ಮಧುಗಿರಿಯ ಎಲ್ಲ ವಾಟ್ಸಾಪ್ ಗುಂಪುಗಳನ್ನೂ ಸುತ್ತಿ ಸಿರಾ ದಾಟಿತ್ತು. ‘ಗಣಪತಿ ಮಾಡಲು ಹೋಗಿ ಅವರಪ್ಪನ ಮಾಡಿದರು’ ಎಂದು ಕೆಳಗೆ ಬರೆದಿದ್ದರು. ಅನಿಲನಿಗೆ ಅದನ್ನು ಬ್ಯಾಂಕಿನಲ್ಲಿ ಸಹೋದ್ಯೋಗಿಯೇ ತೋರಿಸಿದನಂತೆ, ಇವರು ಯಾರೋ ನೋಡು ಎಂದು ನಗುತ್ತಾ. ಅವನು ಮನೆಗೆ ಬಂದವನು ಚಪ್ಪಲಿ ಬಿಡುವ ಮೊದಲೇ ಶುರುಮಾಡಿದ.

“ಸಾಕು ನಿಲ್ಸಮ್ಮ. ನಂಗೆ ಬ್ಯಾಂಕಲ್ಲಿ ತಲೆ ಎತ್ತಕ್ಕಾಗ್ಲಿಲ್ಲ. ಪಟ್ಟಿನೂ ಬ್ಯಾಡ, ಸೈಕಲ್ಲೂ ಬ್ಯಾಡ.”

“ನಾನೇನ್ ಬೇಕಂತ ಮಾಡಿದ್ನಾ? ಬಿಚ್ಚದು ಮರ್ತೆ.”

“ಇವತ್ತು ಬಿಚ್ಚದು ಮರ್ತೆ, ನಾಳೆ ಹಾಕ್ಕಳದು ಮರೀತೀಯ. ಬೊಮ್ಮೇನಹಳ್ಳಿಗೆ ತಾನೇ? ನಾನೇ ಬೈಕಲ್ಲಿ ಬುಟ್ಟು ಬತ್ತೀನಿ.”

ಆಶಾ ಏನೋ ಹೇಳಲು ಬಂದಳು, ಅವನು ನೋಡಿದ ನೋಟಕ್ಕೆ ಒಳಗೆ ಹೋದಳು. ರಾಜಲಕ್ಷ್ಮಮ್ಮನೂ ಈ ಸಲ ವಾದ ಮಾಡಲಿಲ್ಲ. ಊರು ನಕ್ಕದ್ದು ಅವಳಿಗೆ ನಾಟಿತ್ತು. ನಲವತ್ತು ವರ್ಷ ಈ ಊರು ಅವಳ ಸೈಕಲ್ಲನ್ನು ಮರ್ಯಾದೆಯಿಂದ ನೋಡಿತ್ತು, ಒಂದು ಮಧ್ಯಾಹ್ನದಲ್ಲಿ ಅದು ತಮಾಷೆಯಾಗಿಬಿಟ್ಟಿತು. ಸಂಜೀವಯ್ಯ ಸೈಕಲ್ಲನ್ನು ತಳ್ಳಿಕೊಂಡು ಹೋಗಿ ಹಿತ್ತಲಿನ ಸೌದೆ ಕೊಟ್ಟಿಗೆಯಲ್ಲಿ ನಿಲ್ಲಿಸಿ ಬಂದ.

ಮಾರನೆಯ ದಿನದಿಂದ ಅವಳು ಮಗನ ಬೈಕಿನ ಹಿಂದೆ. ನಮ್ಮ ಕಡೆಯ ಎಲ್ಲ ಹೆಂಗಸರಂತೆ ಒಂದೇ ಪಕ್ಕಕ್ಕೆ ಕಾಲು ಇಳಿಬಿಟ್ಟು, ತೊಡೆಯ ಮೇಲೆ ಹೊಲಿಗೆ ಚೀಲ ಇಟ್ಟುಕೊಂಡು ಕೂರುತ್ತಿದ್ದಳು. ಅನಿಲ ಹೆಲ್ಮೆಟ್ಟು ಹಾಕಿಕೊಂಡು, ಗಲ್ಲದ ಕೆಳಗೆ ಅದರ ಬಾರು ಬಿಗಿದು, “ಕೂತ್ಕಂಡ್ಯಾ?” ಎಂದು ಕೇಳಿ ಹೊರಡುತ್ತಿದ್ದ. ಅವಳದು ಬರಿತಲೆ. ಈಗ ಯೋಚಿಸಿದರೆ ಮೈ ಉರಿಯುತ್ತದೆ. ಸೈಕಲ್ಲಿಗೆ ಹೆಲ್ಮೆಟ್ಟು ಬೇಕೇಬೇಕು ಎಂದು ಮನೆಯಲ್ಲಿ ಯುದ್ಧ ಮಾಡಿದವನಿಗೆ, ಸೈಕಲ್ಲಿನ ಮೂರರಷ್ಟು ಜೋರಾಗಿ ಓಡುವ ಬೈಕಿನ ಹಿಂದೆ ತಾಯಿಗೂ ಒಂದು ತಲೆ ಇದೆ ಎಂದು ಹೊಳೆಯಲಿಲ್ಲ. ಆಶಾಗೆ ಹೊಳೆಯಲಿಲ್ಲ, ಸಂಜೀವಯ್ಯನಿಗೂ ಇಲ್ಲ, ದಿನಾ ಬಾಗಿಲಲ್ಲಿ ನಿಂತು ನೋಡುತ್ತಿದ್ದ ನನಗೂ ಇಲ್ಲ. ಹಿಂದೆ ಕೂತ ಹೆಂಗಸಿಗೆ ಹೆಲ್ಮೆಟ್ಟು ಹಾಕುವುದನ್ನು ನಮ್ಮ ತಾಲ್ಲೂಕಿನಲ್ಲಿ ಯಾರು ಕಂಡಿದ್ದಾರೆ? ಸೈಕಲ್ ಎಂದರೆ ಅಪಾಯ, ಮಗನ ಹಿಂದೆ ಕೂತರೆ ಕ್ಷೇಮ ಎಂದು ನಾವೆಲ್ಲ ನಂಬಿದ್ದೆವು.

ಬೊಮ್ಮೇನಹಳ್ಳಿಯ ತಿರುವಿನಲ್ಲಿ ಹೊಸದಾಗಿ ರಸ್ತೆಗೆ ಉಬ್ಬು ಹಾಕಿದ್ದರು. ಬಿಳೀ ಬಣ್ಣ ಬಳಿದಿರಲಿಲ್ಲ. ಡಾಂಬರಿನ ಮೇಲೆ ಡಾಂಬರು, ಹತ್ತಿರ ಹೋಗುವವರೆಗೆ ಕಾಣುವುದಿಲ್ಲ. ಬೈಕು ಎಗರಿತು. ಅನಿಲ ಹ್ಯಾಂಡಲ್ ಹಿಡಿದಿದ್ದ, ಅವಳು ಚೀಲ ಹಿಡಿದಿದ್ದಳು. ಹೊಲದಲ್ಲಿ ಕಡಲೆಕಾಯಿ ಗಿಡ ಕೀಳುತ್ತಿದ್ದ ಓಬಳಮ್ಮ ಕಣ್ಣಾರೆ ಕಂಡಳು. “ಸರೋಜಮ್ಮಾ, ಮೇಡಮ್ಮಾರು ಕೂತಂಗೇ ಹಿಂದಕ್ಕೆ ಬಿದ್ರು. ಒಂದು ಮಾತಿಲ್ಲ, ಒಂದು ಕೂಗಿಲ್ಲ. ಆ ಅಣ್ಣ ಇನ್ನೂ ಅಷ್ಟು ದೂರ ಹೋದ ಮ್ಯಾಲೆ ತಿರುಗಿ ನೋಡ್ದ” ಎಂದು ನನ್ನ ಕೈ ಹಿಡಿದು ಅತ್ತಳು.

ತುಮಕೂರಿಗೆ, ಅಲ್ಲಿಂದ ಬೆಂಗಳೂರಿಗೆ. ತಲೆಯೊಳಗೆ ರಕ್ತ ಹೆಪ್ಪುಗಟ್ಟಿತ್ತು. ಆಪರೇಷನ್ ಆಯಿತು. ಆ ತುರುಬು ಇದ್ದುದರಿಂದ ಬುರುಡೆ ಉಳಿಯಿತು ಎಂದು ಊರವರು ಮಾತಾಡಿಕೊಂಡರು. ಡಾಕ್ಟರು ಹಾಗೆ ಹೇಳಿದರೋ ಇಲ್ಲವೋ ನನಗೆ ಗೊತ್ತಿಲ್ಲ. ಆಪರೇಷನ್ನಿಗೆ ಮುಂಚೆ ಅವಳ ಕೂದಲನ್ನೆಲ್ಲ ಬೋಳಿಸಿದರು. ಅದನ್ನು ಒಂದು ಕವರಿನಲ್ಲಿ ಹಾಕಿ ಆಶಾಳ ಕೈಗೆ ಕೊಟ್ಟರಂತೆ. ಏನು ಮಾಡಬೇಕೆಂದು ತಿಳಿಯದೆ ಅವಳು ಆಸ್ಪತ್ರೆಯ ಮೆಟ್ಟಿಲ ಮೇಲೆ ಅದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು.

ಬದುಕಿ ಬಂದಳು, ದೇವರು ದೊಡ್ಡವನು. ಮಾತು ಸರಿಯಿತ್ತು, ನೆನಪು ಸರಿಯಿತ್ತು. ಹೋದದ್ದು ಒಂದೇ, ಮೈಯ ತೂಕ ಹಿಡಿಯುವ ಶಕ್ತಿ. ಎದ್ದು ನಿಂತರೆ ನೆಲ ಒಂದು ಕಡೆಗೆ ವಾಲಿದಂತಾಗುತ್ತದೆ ಅವಳಿಗೆ. ಗೋಡೆ ಹಿಡಿದು ನಡೆಯಬೇಕು, ಇಲ್ಲವೇ ಯಾರಾದರೂ ಕೈ ಹಿಡಿಯಬೇಕು. ಸೈಕಲ್ಲಿನ ಮಾತು ಎತ್ತಿದಾಗ ಡಾಕ್ಟರು ತಲೆಯಾಡಿಸಿಬಿಟ್ಟರು. ಈ ಜನ್ಮಕ್ಕೆ ಇಲ್ಲ ಎಂದರು.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಈಗ ಆ ಮನೆಯಲ್ಲಿ ಎಲ್ಲರಿಗೂ ಬುದ್ಧಿ ಬಂದಿದೆ. ತಾನು ಅವತ್ತು ಬಾಯಿಬಿಟ್ಟು ಇನ್ನೊಂದು ಪಟ್ಟಿ ಹುಡುಕುತ್ತೀನಿ ಎನ್ನಬೇಕಿತ್ತು ಎಂದು ಆಶಾ ಕೊರಗುತ್ತಾಳೆ. ಸೈಕಲ್ಲನ್ನು ಕೊಟ್ಟಿಗೆಗೆ ತಳ್ಳಿಕೊಂಡು ಹೋದದ್ದು ತನ್ನ ಕೈಯೇ ಎಂದು ಸಂಜೀವಯ್ಯ ಪೇಪರು ಓದುವುದನ್ನೇ ಬಿಟ್ಟಿದ್ದಾನೆ. ರಾಜಲಕ್ಷ್ಮಮ್ಮ ಒಂದು ದಿನ ನನ್ನೆದುರಿಗೆ ಬೋಳುತಲೆ ಸವರಿಕೊಂಡು, “ಜಡೆ ಹಾಕ್ಕಂಡಿದ್ರೆ ಆಗೋಗಿರೋದು ಕಣೇ ಸರೋಜ. ಎಷ್ಟೊಂದು ಹಟ ಮಾಡ್ಬುಟ್ಟೆ, ಬರೀ ಒಂದು ಜಡೆಗೆ” ಎಂದಳು. ಜಡೆ ಹಾಕಿ ಹೆಲ್ಮೆಟ್ಟು ತೊಟ್ಟಿದ್ದರೆ ಆಗುತ್ತಿತ್ತು, ಪಟ್ಟಿಯೊಂದು ಮತ್ತೆ ತರಿಸಿದ್ದರೆ ಆಗುತ್ತಿತ್ತು, ಬೈಕಿನ ಹಿಂದೆ ಅದೇ ಹೆಲ್ಮೆಟ್ಟು ಹಾಕಿಸಿದ್ದರೂ ಆಗುತ್ತಿತ್ತು. ಆಗಬಹುದಾಗಿದ್ದ ದಾರಿಗಳು ಎಷ್ಟೊಂದಿದ್ದವು, ಆಗಿಹೋದದ್ದು ಇದೊಂದೇ.

ಅನಿಲ ಬೈಕು ಮಾರಿದ. ಬ್ಯಾಂಕಿಗೆ ನಡೆದು ಹೋಗುತ್ತಾನೆ. ಬೊಮ್ಮೇನಹಳ್ಳಿಯ ಹೆಂಗಸರು ಒಂದೆರಡು ಸಲ ಆಟೋ ಮಾಡಿಕೊಂಡು ಬಂದು, ಇವಳ ಜಗುಲಿಯಲ್ಲಿ ಕೂತು ಹೊಲಿಗೆ ಕಲಿತರು. ರಾಗಿ ಕೊಯ್ಲು ಶುರುವಾದ ಮೇಲೆ ಬರುವುದು ನಿಂತಿತು. ಅವರದೇನೂ ತಪ್ಪಿಲ್ಲ. ಹಳ್ಳಿ ಇವಳ ಹತ್ತಿರಕ್ಕೆ ಬರಲಾರದು, ಇವಳೇ ಹಳ್ಳಿಗೆ ಹೋಗಬೇಕಿತ್ತು.

ಮೊನ್ನೆ ಭಾನುವಾರ ಬೆಳಿಗ್ಗೆ ನಾನು ಅವರ ಜಗುಲಿಯಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದೆ. ರಾಜಲಕ್ಷ್ಮಮ್ಮ ಪಕ್ಕದಲ್ಲಿ ಕುರ್ಚಿಯಲ್ಲಿದ್ದಳು. ತಲೆಯ ಮೇಲೆ ಬೆರಳುದ್ದ ನರೆಗೂದಲು ಬಂದಿತ್ತು. ಅನಿಲ ಒಳಗಿಂದ ಬಂದು ಅವಳ ಕಾಲ ಹತ್ತಿರ ನೆಲದ ಮೇಲೆ ಕೂತ. ಅವನು ಸೊರಗಿ ಅರ್ಧವಾಗಿದ್ದ.

“ಅಮ್ಮ, ಏನಾದ್ರೂ ಅನ್ನು. ಆಸ್ಪತ್ರೆಯಿಂದ ಬಂದಾಗ್ನಿಂದ ಒಂದು ಮಾತು ಬಯ್ದಿಲ್ಲ ನೀನು. ಬಯ್ದುಬುಡಮ್ಮ. ನಂಗೆ ತಡ್ಕಳಕ್ಕಾಗ್ತಿಲ್ಲ.”

ಅವಳು ಅವನ ತಲೆಯ ಮೇಲೆ ಕೈಯಿಟ್ಟಳು.

“ಏನಂತ ಬಯ್ಯಾನಪ್ಪ ನಿನ್ನ? ನನ್ ತಲೆ ಉಳೀಲಿ ಅಂತ ನೀನು ಒದ್ದಾಡ್ದೆ. ನನ್ ಓಡಾಟ ಉಳೀಲಿ ಅಂತ ನಾನು ಒದ್ದಾಡ್ದೆ. ತಲೆ ಉಳೀತಲ್ಲ. ನೀನೇ ಗೆದ್ದೆ ಬುಡು.”

ಅದರಲ್ಲಿ ಕೊಂಕು ಇದ್ದಿದ್ದರೆ ಅವನು ಬದುಕಿಕೊಳ್ಳುತ್ತಿದ್ದ. ಕೊಂಕು ಇರಲಿಲ್ಲ. ಮಗನಿಗೆ ಸಮಾಧಾನವಾಗಲಿ ಎಂದೇ ಅವಳು ಹಾಗೆ ಹೇಳಿದ್ದು. ಅನಿಲ ಅವಳ ಮಂಡಿಗೆ ಮುಖ ಒತ್ತಿಕೊಂಡ, ಬೆನ್ನು ಅಲ್ಲಾಡುತ್ತಿತ್ತು. ನಾನು ಅವರೆಕಾಯಿಯ ಮೊರದ ಕಡೆಗೆ ಬಾಗಿ ಕೂತೆ, ಕಣ್ಣಿಗೆ ಕಾಳು ಕಾಣುತ್ತಿರಲಿಲ್ಲ.

ಸ್ವಲ್ಪ ಹೊತ್ತಿನ ಮೇಲೆ ಬಿಸಿಲು ಜಗುಲಿಗೆ ಬಂತು. ರಾಜಲಕ್ಷ್ಮಮ್ಮ “ಒಳೀಕೆ ಹೋಗಾನ” ಎಂದಳು. ನಾನು ಒಂದು ಕೈ ಹಿಡಿದೆ, ಅನಿಲ ಕಣ್ಣೊರೆಸಿಕೊಂಡು ಇನ್ನೊಂದು ಕೈ ಹಿಡಿದ. ಎದ್ದು ನಿಂತಳು, ನಡೆದಳು. ಹೊಸಿಲ ಹತ್ತಿರ ನಿಂತು, ಯಾವ ಕಾಲು ಮೊದಲು ಎತ್ತಬೇಕೆಂದು ಯೋಚಿಸಿದಳು. ನಾವಿಬ್ಬರೂ ಕಾಯುತ್ತಾ ನಿಂತೆವು.